ಬೀರುವಿನೊಳಗಿನ ಮಾದರಿ ಗಂಡ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮರ್ಯಾದೆ ಬೇಡವೇ? ಎದುರುಮನೆಯವನ ಹೊಸ ಗಾಡಿ ನೋಡಿ ಪಡಬಹುದು. ಪಕ್ಕದ ಮೇಜಿನವನ ಬಡ್ತಿ ನೋಡಿ ಪಡಬಹುದು. ಷಡ್ಡಕನ ತಲೆಗೂದಲು ನೋಡಿ ಕೂಡ ಪಡಬಹುದು (ಐವತ್ತು ದಾಟಿದ ಮೇಲೂ ಒಂದು ಕೂದಲು ಉದುರದಿದ್ದರೆ ಯಾರಿಗೆ ತಾನೆ ಸಹಿಸಲಿಕ್ಕಾಗುತ್ತದೆ?). ಆದರೆ ನಮ್ಮ ತಾರೀಖಪ್ಪನಿಗೆ ಬಂದದ್ದು ಇಂಥ ಮಾನಸ್ಥರ ಹೊಟ್ಟೆಕಿಚ್ಚಲ್ಲ. ಮೊದಲು ಬಂದದ್ದು ಒಂದು ರೇಡಿಯೊ ಮೇಲೆ. ಆಮೇಲೆ ಬಂದದ್ದು ಯಾರ ಮೇಲೆ ಎಂದು ಹೇಳುವುದಕ್ಕೆ ನನಗೇ ನಾಚಿಕೆ. ಆದರೂ ಹೇಳುತ್ತೇನೆ, ಹೇಳದೆ ಇಟ್ಟುಕೊಂಡರೆ ನನ್ನ ಹೊಟ್ಟೆ ಉಬ್ಬುತ್ತದೆ.

ತಾರೀಖಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಪತ್ರಿಕಾ ಕಚೇರಿಯವರು ಇಟ್ಟದ್ದು. ಆರನೆಯ ಪುಟದ ಬಲಮೂಲೆಯಲ್ಲಿ, ಹವಾಮಾನ ವರದಿಯ ಕೆಳಗೆ, ಕಾಣೆಯಾದವರ ಪ್ರಕಟಣೆಯ ಮೇಲೆ, ‘ಇತಿಹಾಸದಲ್ಲಿ ಈ ದಿನ’ ಎಂಬ ಅಂಗೈಯಗಲದ ಅಂಕಣ ಬರುತ್ತದಲ್ಲ, ಅದರ ಸೃಷ್ಟಿ ಸ್ಥಿತಿ ಲಯ ಮೂರೂ ಇವನದೇ. ಯಾವ ತಾರೀಖು ಹೇಳಿದರೂ ಅಂದು ಯಾರು ಹುಟ್ಟಿದರು, ಯಾರು ಸತ್ತರು, ಯಾವ ಕೋಟೆ ಬಿತ್ತು, ಯಾವ ಹಡಗು ಮುಳುಗಿತು ಎಂದು ನಿಂತ ನಿಲುವಿನಲ್ಲೇ ಒಪ್ಪಿಸುತ್ತಿದ್ದ. ಎರಡು ಪುಸ್ತಕಗಳ ಆಧಾರ ಸಿಗದೆ ಒಂದೇ ಒಂದು ಸಾಲನ್ನೂ ಅವನು ಅಚ್ಚಿಗೆ ಕಳಿಸಿದವನಲ್ಲ. ಈ ಸಂಗತಿಯನ್ನು ಮನೆಯಲ್ಲಿ ಆಗಾಗ, ಅಂದರೆ ದಿನಾ ಬೆಳಿಗ್ಗೆ, ಹೇಳುತ್ತಿದ್ದ.

ಕೇಳಬೇಕಾದವಳು ಅವನ ಹೆಂಡತಿ. ಹೊಲಿಗೆಯಲ್ಲಿ ಆಕೆಯದು ಎತ್ತಿದ ಕೈ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ತಾಗಿದಂತೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲೊಂದು ಕಬ್ಬಿಣದ ಬೀರು, ಆ ಬೀರುವಿನ ನೆತ್ತಿಯ ಮೇಲೆ ರೇಡಿಯೊ. ಗಂಡನ ಪತ್ರಿಕೆಯೆಂದರೆ ಆಕೆಗೆ ತುಂಬಾ ಇಷ್ಟ. ಕಾಗದ ಗಟ್ಟಿ, ಮಡಿಸಿದರೆ ಗೆರೆ ನಿಲ್ಲುತ್ತದೆ, ಅಂಗಿಯ ಅಳತೆ ಕತ್ತರಿಸಿಟ್ಟುಕೊಳ್ಳಲಿಕ್ಕೆ ಅಂಥ ಪತ್ರಿಕೆ ಇನ್ನೊಂದಿಲ್ಲ ಎಂದು ಬಂದವರ ಮುಂದೆಲ್ಲ ಹೊಗಳುತ್ತಿದ್ದಳು. ಆರನೆಯ ಪುಟದ ಬಲಮೂಲೆ ಸರಿಯಾಗಿ ಕಂಕುಳಿನ ಹತ್ತಿರ ಬರುತ್ತಿತ್ತು. ಹೀಗಾಗಿ ನೆಪೋಲಿಯನ್ನನ ಸೋಲು, ಚಂದ್ರನ ಮೇಲೆ ಮಾನವನ ಹೆಜ್ಜೆ ಎಲ್ಲವೂ ಯಾರ್ಯಾರದೋ ಕಂಕುಳಿಗೆ ಹೋಗಿ ಸೇರಿದ್ದವು.

"ಇವತ್ತಿಂದು ಓದಿದೆಯೇನೇ?" ಎಂದು ತಾರೀಖಪ್ಪ ಕಾಫಿ ಲೋಟ ಹಿಡಿದು ಕೇಳುತ್ತಿದ್ದ.

"ಹ್ಞೂಂ."

"ಹೇಗಿತ್ತು?"

"ಹ್ಞೂಂ."

ಆಕೆಯನ್ನೂ ದೂರುವಂತಿಲ್ಲ. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡವರು ಅದಕ್ಕಿಂತ ಹೆಚ್ಚು ಏನು ಹೇಳಲಾದೀತು? ಆದರೆ ಎಂಟು ಗಂಟೆಯಾಯಿತೋ, ಗುಂಡುಸೂಜಿಗಳೆಲ್ಲ ಬಾಯಿಂದ ಹೊರಗೆ ಬಂದು ಡಬ್ಬಿಗೆ ಬೀಳುತ್ತಿದ್ದವು. ಯಂತ್ರ ನಿಲ್ಲುತ್ತಿತ್ತು. ಕೈ ಮೇಲೆತ್ತಿ ರೇಡಿಯೊದ ಕಿವಿ ಹಿಂಡುತ್ತಿದ್ದಳು. "ಪ್ರಿಯ ಶ್ರೋತೃಗಳೇ, ಈ ದಿನ, ಆ ದಿನ..." ಎಂದು ಒಬ್ಬ ಶುರುಮಾಡುತ್ತಿದ್ದ. ಅವನ ಗಂಟಲಿನಲ್ಲಿ ಜೇನುಗೂಡೇ ಇತ್ತೋ ಏನೋ. ತಾರೀಖಪ್ಪ ಅವನಿಗೆ ‘ಜೇನುಗಂಟಲು’ ಎಂದೇ ಹೆಸರಿಟ್ಟಿದ್ದ, ಹೊಗಳಿಕೆಗಲ್ಲ. ಜೇನುಗಂಟಲು ಹೇಳುತ್ತಿದ್ದದ್ದೂ ಅದೇ ಇತಿಹಾಸ, ಅದೇ ತಾರೀಖು, ಅದೇ ಹುಟ್ಟು, ಅದೇ ಸಾವು. ಆದರೂ ಹೆಂಡತಿ ಗಲ್ಲಕ್ಕೆ ಕೈಕೊಟ್ಟು ಕೇಳಿ, ಕೊನೆಯಲ್ಲಿ "ಆಹಾ" ಎನ್ನುತ್ತಿದ್ದಳು. ಆ "ಆಹಾ" ಇದೆಯಲ್ಲ, ಅದಕ್ಕಾಗಿ ತಾರೀಖಪ್ಪ ಮದುವೆಯಾದಾಗಿನಿಂದ ಕಾದು ಕುಳಿತಿದ್ದ. ಅವನ ಪಾಲಿಗೆ ಅರ್ಧ "ಆಹಾ" ಕೂಡ ಬಿದ್ದಿರಲಿಲ್ಲ.

ಸೆಪ್ಟೆಂಬರ್ ಹತ್ತರಂದು ಕಿಚ್ಚಿಗೆ ಸರಿಯಾಗಿ ಗಾಳಿ ಬಿತ್ತು. "ಪ್ರಿಯ ಶ್ರೋತೃಗಳೇ, ಸಾವಿರದ ಎಂಟುನೂರ ನಲವತ್ತಾರರಲ್ಲಿ ಇದೇ ದಿನ ಎಲಿಯಾಸ್ ಹೋವ್ ಎಂಬಾತನಿಗೆ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ದೊರೆಯಿತು. ಈ ಹೊತ್ತು ಯಾವುದೋ ಕಿಟಕಿಯ ಪಕ್ಕ ಕುಳಿತು, ಊರಿನ ಮಾನ ಮುಚ್ಚುತ್ತಿರುವ ನನ್ನ ಅಕ್ಕ ತಂಗಿಯರಿಗೆಲ್ಲ ನಮಸ್ಕಾರ" ಎಂದ ಜೇನುಗಂಟಲು.

ಹೆಂಡತಿ ಎರಡೂ ಕೈಯನ್ನು ಯಂತ್ರದ ಮೇಲಿಟ್ಟು ಕಣ್ಣು ತುಂಬಿಕೊಂಡಳು. "ನೋಡಿದ್ರಾ? ನಮ್ಮನ್ನೂ ನೆನೆಸ್ಕೊಳ್ಳೋರು ಇದ್ದಾರೆ. ನಿಮ್ಮದ್ರಲ್ಲಿ ಇದು ಬಂದಿತ್ತಾ?"

ಬಂದಿರಲಿಲ್ಲ. ಆ ಸಾಲು ತಾರೀಖಪ್ಪನಿಗೆ ಗೊತ್ತಿತ್ತು, ಎರಡು ಆಧಾರವೂ ಇತ್ತು. ಜಾಗ ಸಾಲದೆ ಅದನ್ನು ತೆಗೆದು, ಅದೇ ತಾರೀಖಿಗೆ ಆಸ್ಟ್ರಿಯಾ ದೇಶ ಸಹಿ ಹಾಕಿದ ಶಾಂತಿ ಒಪ್ಪಂದವನ್ನು ಇಟ್ಟಿದ್ದ.

"ಒಪ್ಪಂದ ಮುಖ್ಯವಾದದ್ದು ಕಣೇ. ಇಡೀ ಯುರೋಪಿನ ನಕ್ಷೆ..."

"ನಿಮ್ಮ ಯುರೋಪು ಬಟ್ಟೆ ಹಾಕ್ಕೊಳ್ಳಲ್ವಾ?" ಎಂದಳು. ತಾರೀಖಪ್ಪ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನದಿಂದ ಅವನೂ ಹಟಕ್ಕೆ ಬಿದ್ದ. ಅಂಕಣವನ್ನು ಗಟ್ಟಿಯಾಗಿ ಓದಿ ಹೇಳಿದ. ಅವನದು ಸಂತೆಯಲ್ಲಿ ಹರಾಜು ಕೂಗುವವನ ಗಂಟಲು. ಅವನು ಒಂದನೇ ಎಲಿಜಬೆತ್ ಎನ್ನುವಾಗ ಆಕೆ ಯಂತ್ರ ಓಡಿಸಿದಳು. ಅವನು ಜೋರು ಮಾಡಿದ, ಆಕೆಯೂ ಜೋರಾಗಿ ತುಳಿದಳು. ಮೇಲಿನ ಮನೆಯವರು ನೆಲ ಕುಟ್ಟಿದರು. ಅಲ್ಲಿಗೆ ಆ ಪ್ರಯೋಗ ಮುಗಿಯಿತು.

ತಿಂಗಳ ಕೊನೆಗೆ ಜೇನುಗಂಟಲು ಹೊಸ ವರಸೆ ತೆಗೆದ. "ಚರಿತ್ರೆ ರಾಜ ಮಹಾರಾಜರದ್ದಷ್ಟೇ ಅಲ್ಲ. ನಿಮ್ಮ ಮನೆಯಲ್ಲಿ ಇದೇ ತಾರೀಖಿಗೆ ಹಿಂದೊಮ್ಮೆ ಏನಾಯಿತು? ಹಿಂದಿನ ದಿನ ಮಧ್ಯಾಹ್ನವೇ ಫೋನ್ ಮಾಡಿ ಹೇಳಿ, ನಿಮ್ಮ ದನಿ ಮುದ್ರಿಸಿಕೊಂಡು ಬೆಳಿಗ್ಗೆ ಪ್ರಸಾರ ಮಾಡುತ್ತೇವೆ."

ತಾರೀಖಪ್ಪನ ತಲೆಯಲ್ಲಿ ದೀಪ ಹತ್ತಿದ್ದು ಆಗಲೇ. ಹೆಂಡತಿಗೆ ಆ ಪೆಟ್ಟಿಗೆಯಿಂದ ಬಂದದ್ದೆಲ್ಲ ಚಿನ್ನ ತಾನೆ? ಹಾಗಾದರೆ ತಾನೇ ಆ ಪೆಟ್ಟಿಗೆಯೊಳಗೆ ಹೋಗಿ ಕುಳಿತರಾಯಿತು. ಮೊದಲು ಬಾಯಿ ತುಂಬ "ಆಹಾ" ಅನ್ನಲಿ, ಆಮೇಲೆ ಮೀಸೆ ತಿರುವಿಕೊಂಡು "ನಾನೇ ಕಣೇ" ಅಂದರಾಯಿತು. ಒಂದೇ ತೊಡಕು, ಪತ್ರಿಕೆಯವರು ರೇಡಿಯೊದಲ್ಲಿ ಬಾಯಿ ಬಿಡಕೂಡದೆಂದು ಸಂಪಾದಕರ ಕಟ್ಟಪ್ಪಣೆ ಇತ್ತು. ಹೆಸರೂ ಬಚ್ಚಿಡಬೇಕು, ಗಂಟಲೂ ಬಚ್ಚಿಡಬೇಕು.

ಕಚೇರಿಯ ಹಿಂಬದಿಯಲ್ಲಿ ಹಳೇ ಸಂಚಿಕೆಗಳನ್ನಿಡುವ ಕೋಣೆ ಇದೆ. ಅಲ್ಲೊಂದು ಟೆಲಿಫೋನು, ಅದರ ಪಕ್ಕದಲ್ಲಿ ಒಂದು ಖಾಲಿ ಕಬ್ಬಿಣದ ಬೀರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ತಾರೀಖಪ್ಪ ಫೋನು ಸಮೇತ ಬೀರುವಿನೊಳಗೆ ತಲೆ ತೂರಿಸಿದ. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು "ಹಲೋ" ಎಂದು ನೋಡಿದ. ಪರಮಾಶ್ಚರ್ಯ! ಹರಾಜಿನ ಗಂಟಲು ಹೋಗಿ, ಗುಹೆಯಲ್ಲಿ ತಪಸ್ಸಿಗೆ ಕುಳಿತವರ ಗಂಭೀರ ದನಿ ಹೊರಬಂತು. ಕೇಳಿ ಅವನಿಗೇ ರೋಮಾಂಚನವಾಯಿತು.

"ಹೆಸರು ಬೇಡ, ನಾನೊಬ್ಬ ಗಂಡ" ಎಂದು ಶುರುಮಾಡಿದ. ಮರುದಿನದ ತಾರೀಖಿಗೆ, ಅಂದರೆ ಅಕ್ಟೋಬರ್ ನಾಲ್ಕರಂದು, ಮನೆಯಲ್ಲಿ ಹಿಂದೆ ಏನಾಯಿತೆಂದು ನೆನಪಿಸಿಕೊಂಡರೆ ಏನೂ ಹೊಳೆಯಲಿಲ್ಲ. (ಜಗತ್ತಿನಲ್ಲಿ ಏನಾಯಿತೆಂದು ಚೆನ್ನಾಗಿ ಗೊತ್ತಿತ್ತು.) ಸರಿ, ಹುಟ್ಟಿಸಿಬಿಟ್ಟ. ಎರಡು ಆಧಾರದ ಮನುಷ್ಯ ಆಧಾರವಿಲ್ಲದೆ ಆಡಿದ ಮೊದಲ ಮಾತು ಅದು. ಬೀರುವಿನೊಳಗೆ ಕತ್ತಲೆಯಿತ್ತು, ನಾಚಿಕೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಗುಂಡುಸೂಜಿಗಳು ಡಬ್ಬಿಗೆ ಬಿದ್ದವು. ರೇಡಿಯೊದಿಂದ ಗುಹೆಯ ದನಿ ಬಂತು. "ಮನುಷ್ಯ ಮೊದಲ ಉಪಗ್ರಹ ಹಾರಿಸಿದ ತಾರೀಖು ಇದು. ಅಂದು ಲೋಕವೆಲ್ಲ ಆಕಾಶ ನೋಡಿತಂತೆ. ಕೆಲವು ವರ್ಷಗಳ ಹಿಂದೆ ಇದೇ ದಿನ ನನ್ನ ಹೆಂಡತಿಗೆ ಜ್ವರ. ನಾನು ನೋಡಿದ್ದು ಅವಳ ಮುಖ ಒಂದೇ. ಕೆಲಸಕ್ಕೆ ರಜೆ ಹಾಕಿ, ನನ್ನ ಕೈಯಾರೆ ಸೂಪು ಮಾಡಿ, ಚಮಚದಲ್ಲಿ ಕುಡಿಸಿದೆ."

"ಆಹಾ!" ಎಂದಳು ಹೆಂಡತಿ.

ತಾರೀಖಪ್ಪನ ಎದೆ ಎರಡು ಅಂಗುಲ ಉಬ್ಬಿತು. "ನಾನೇ" ಎನ್ನಲು ಬಾಯಿ ತೆರೆದ.

"ಕೇಳಿಸ್ಕೊಂಡ್ರಾ? ಗಂಡ ಅಂದ್ರೆ ಇವನಪ್ಪ! ನೀವೂ ಇದ್ದೀರ. ನಂಗೆ ಜ್ವರ ಬಂದಿದ್ದು ಯಾವತ್ತು ಅಂತಾದ್ರೂ ನೆನಪಿದ್ಯಾ?"

ತೆರೆದ ಬಾಯಿಗೆ ಬ್ರೆಡ್ಡಿನ ಚೂರು ಹಾಕಿಕೊಂಡ. ಈಗ ಹೇಳಿದರೆ ಕೆಲಸ ಕೆಡುತ್ತದೆ, ಇನ್ನೊಂದೆರಡು ಸಲ ಹೊಗಳಿಸಿಕೊಂಡು ಗಟ್ಟಿಯಾದ ಮೇಲೆ ಹೇಳೋಣ ಎಂದುಕೊಂಡ. ದಡ್ಡ! ಆ ಗಳಿಗೆಯಲ್ಲೇ ಹೇಳಿಬಿಟ್ಟಿದ್ದರೆ ನನಗೆ ಈ ಕಥೆ ಸಿಗುತ್ತಿರಲಿಲ್ಲ, ಅವನಿಗೆ ಈ ಪಾಡು ಬರುತ್ತಿರಲಿಲ್ಲ.

ನವೆಂಬರ್ ಒಂಬತ್ತು, ಬರ್ಲಿನ್ ಗೋಡೆ ತೆರೆದ ದಿನ. ಬೀರುವಿನೊಳಗಿನ ಗಂಡ ಹೇಳಿದ, "ನಮ್ಮ ಮನೆಯಲ್ಲೂ ಒಂದು ಗೋಡೆ ಎದ್ದಿತ್ತು, ವಾರದಿಂದ ಮಾತಿರಲಿಲ್ಲ. ಇದೇ ದಿನ ನಾನೇ ಹೋಗಿ, ತಪ್ಪು ಯಾರದೇ ಇರಲಿ, ನನ್ನನ್ನು ಕ್ಷಮಿಸು ಎಂದೆ." ಜೇನುಗಂಟಲು ಗದ್ಗದನಾಗಿ, "ಇವರನ್ನು ಇನ್ನು ಮಾದರಿ ಗಂಡ ಎಂದೇ ಕರೆಯೋಣ" ಎಂದ. ಪತ್ರಗಳು ರಾಶಿ ಬಿದ್ದವಂತೆ. ಹೊಲಿಸಲು ಬಂದ ಹೆಂಗಸರೆಲ್ಲ ಅಳತೆ ಕೊಡುವುದನ್ನು ಬಿಟ್ಟು ಮಾದರಿ ಗಂಡನ ವಿಷಯ ಮಾತಾಡುತ್ತಿದ್ದರು.

ಇಲ್ಲಿಂದ ನೋಡಿ ತಾರೀಖಪ್ಪನ ಹೊಟ್ಟೆಯೊಳಗೆ ಉರಿ ದಿಕ್ಕು ಬದಲಿಸಿತು. ಜೇನುಗಂಟಲನ್ನು ಅವನು ಮರೆತೇಬಿಟ್ಟ. ಹೆಂಡತಿ ಈಗ ದೋಸ್ತಿ ಮಾಡಿಕೊಂಡದ್ದು ಮಾದರಿ ಗಂಡನ ಜೊತೆ. ಟವೆಲು ಹಾಸಿಗೆ ಮೇಲೆ ಬಿಟ್ಟರೆ, "ಮಾದರಿ ಗಂಡ ಹೀಗೆ ಬಿಡ್ತಾರಾ?" ಗೊರಕೆ ಹೊಡೆದರೆ, "ಆ ದನಿಯೋರು ಗೊರಕೆ ಹೊಡಿಯೋಕೆ ಸಾಧ್ಯಾನೇ ಇಲ್ಲ." ಒಂದು ದಿನ ಏನೋ ಮಾತಿಗೆ ಮಾತು ಬೆಳೆದಾಗ ತಾರೀಖಪ್ಪ ಬುದ್ಧಿವಂತಿಕೆ ಮಾಡಲು ಹೋಗಿ, "ತಪ್ಪು ಯಾರದೇ ಇರಲಿ, ನನ್ನನ್ನು ಕ್ಷಮಿಸು" ಎಂದ.

"ರೇಡಿಯೊ ಕೇಳಿ ಕಾಪಿ ಹೊಡೀಬೇಡಿ" ಎಂದಳು. "ಅವರು ಅಂದ್ರೆ ಅಂದ ಹಾಗಿರತ್ತೆ."

ತಾನು ಆಡಿದ ಮಾತನ್ನು ತಾನೇ ಕದ್ದ ಕಳ್ಳನಾಗಿ ನಿಂತ ಗಂಡಸು ಇಡೀ ಇತಿಹಾಸದಲ್ಲಿ ಇನ್ನೊಬ್ಬನಿದ್ದರೆ ತೋರಿಸಿ. ತಾರೀಖಪ್ಪ ಅಂದು ಆಫೀಸಿಗೆ ಹೋಗಿ ಬೀರುವಿಗೆ ಎರಡು ಸಲ ಒದ್ದ. ಜವಾನ ಬಂದು, "ಸಾರ್, ಏನಾದ್ರೂ ಒಳಗೆ ಸಿಕ್ಕಾಕ್ಕೊಂಡಿದ್ಯಾ?" ಎಂದು ಕೇಳಿದ. "ಹೌದು, ಒಬ್ಬ ನಾಲಾಯಕ್ ಸಿಕ್ಕಾಕ್ಕೊಂಡಿದ್ದಾನೆ" ಎಂದ ತಾರೀಖಪ್ಪ. ಜವಾನ ಆಮೇಲೆ ಆ ಕೋಣೆಯ ಕಡೆ ಸುಳಿಯಲಿಲ್ಲ.

ಇಷ್ಟಾದ ಮೇಲೂ ಫೋನು ನಿಲ್ಲಿಸಿದನೇ? ಇಲ್ಲ. ಮಾದರಿ ಗಂಡನ ಬಾಯಿಂದ ಒಂದು ತಪ್ಪು ಮಾತಾಡಿಸಿ, ಅವನ ಮರ್ಯಾದೆ ತೆಗೆಯಬೇಕೆಂದು ಡಿಸೆಂಬರಿನಲ್ಲಿ ಮತ್ತೆ ಬೀರು ಹೊಕ್ಕ. ಆದರೆ ಆ ಕತ್ತಲೆಯಲ್ಲಿ ತಲೆ ಇಟ್ಟೊಡನೆ ಬಾಯಿಗೆ ಏನಾಗುತ್ತಿತ್ತೋ, ಮತ್ತೆ ಅಮೃತವೇ ಸುರಿಯಿತು. "ಡಿಸೆಂಬರ್ ಹದಿನಾಲ್ಕು. ಮನುಷ್ಯ ದಕ್ಷಿಣ ಧ್ರುವ ಮುಟ್ಟಿದ ದಿನ. ಒಂದು ವರ್ಷ ಇದೇ ದಿನ ನನ್ನವಳ ಪಾದ ಮಂಜಿನಂತೆ ತಣ್ಣಗಿತ್ತು. ಬಿಸಿನೀರಲ್ಲಿಟ್ಟು, ಉಜ್ಜಿ, ನನ್ನ ಮಡಿಲಲ್ಲಿಟ್ಟುಕೊಂಡು ಕುಳಿತೆ. ಧ್ರುವ ಮುಟ್ಟಿದವರಿಗೂ ಅಷ್ಟು ಸಂತೋಷ ಆಗಿರಲಿಕ್ಕಿಲ್ಲ."

ಹೆಂಡತಿ "ಆಹಾ" ಅನ್ನಲಿಲ್ಲ. ಸುಮ್ಮನೆ ಎದ್ದು ಬೀರು ತೆರೆದು, ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ತಿಳಿನೀಲಿ ಬಟ್ಟೆ ತೆಗೆದಳು.

"ಯಾರಿಗೆ?" ಎಂದ ತಾರೀಖಪ್ಪ.

"ಮಾದರಿ ಗಂಡಂಗೆ ಒಂದು ಅಂಗಿ ಹೊಲ್ದು ರೇಡಿಯೊದೋರ ವಿಳಾಸಕ್ಕೆ ಕಳಿಸ್ತೀನಿ. ಅಷ್ಟು ಮಾಡೋ ಮನುಷ್ಯಂಗೆ ಇಷ್ಟಾದ್ರೂ ಬೇಡ್ವಾ?"

"ನನ್ನ ಅಂಗಿ ಗುಂಡಿ ಹೋಗಿ ತಿಂಗಳಾಯ್ತು!"

"ಹಾಕೋಣ ಬಿಡಿ, ಎಲ್ಲಿ ಓಡಿಹೋಗತ್ತೆ."

"ಅಳತೆ? ಅಳತೆ ಗೊತ್ತಾ ನಿಂಗೆ?"

"ದನಿ ಕೇಳಿದ್ರೆ ಗೊತ್ತಾಗಲ್ವಾ? ನಲವತ್ತೆರಡು ಎದೆ. ಭುಜ ಅಗಲ. ಎತ್ತರದ ಆಳು." ತಾರೀಖಪ್ಪನದು ಮೂವತ್ತಾರು ಎದೆ, ಅದೂ ಉಸಿರೆಳೆದುಕೊಂಡಾಗ.

ಎರಡು ದಿನದಲ್ಲಿ ಅಂಗಿ ಒಂದು ಆಕಾರಕ್ಕೆ ಬಂತು. "ಒಂಚೂರು ಬನ್ನಿ ಇಲ್ಲಿ, ಹಾಕಿ ನೋಡ್ಬೇಕು" ಎಂದು ಕರೆದಳು. ಅಯ್ಯೋ, ಅವನ ಅವಸ್ಥೆ! ಪರಪುರುಷನಿಗೆ ಹೆಂಡತಿ ಹೊಲಿದ ಅಂಗಿ ತೊಟ್ಟು, ಎರಡು ಕೈ ಚಾಚಿ ನಿಂತಿದ್ದಾನೆ. ಆಕೆ ಸುತ್ತ ತಿರುಗುತ್ತ ಗುಂಡುಸೂಜಿ ಚುಚ್ಚುತ್ತಿದ್ದಾಳೆ.

"ಇಲ್ಲಿ ತುಂಬ್ಬೇಕು. ನೀವು ತುಂಬಲ್ಲ. ಇಲ್ಲೂ ತುಂಬ್ಬೇಕು. ಥೂ, ನಿಮಗೆ ಹಾಕಿದ್ರೆ ಅಂಗಿಗೇ ಅವಮಾನ."

ತಾರೀಖಪ್ಪನ ತಾಳ್ಮೆಯ ಕಟ್ಟೆ ಒಡೆಯಿತು. "ಸಾಕು ನಿಲ್ಸೇ! ಮಾದರಿ ಗಂಡ ಮಾದರಿ ಗಂಡ ಅಂತ ಕುಣೀತಿದ್ದೀಯಲ್ಲ, ಅದು ನಾನೇ! ನಾನೇ ಆ ಮಾದರಿ ಗಂಡ!"

ಹೆಂಡತಿ ನಕ್ಕಳು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಮೊದಲು ಕನ್ನಡಿ ನೋಡ್ಕೊಂಡು ಬನ್ನಿ."

ಅವನು ಸೀದಾ ಹೋಗಿ ಮೂಲೆಯ ಬೀರುವಿನ ಬಾಗಿಲು ತೆರೆದ. ಮಡಿಸಿಟ್ಟಿದ್ದ ಬಟ್ಟೆಯನ್ನೆಲ್ಲ ಎಳೆದು ನೆಲಕ್ಕೆ ಹಾಕಿ ತಲೆ ತೂರಿಸಿದ. ಕರವಸ್ತ್ರ ಬಾಯಿಗೆ ಹಿಡಿದ. "ಧ್ರುವ ಮುಟ್ಟಿದವರಿಗೂ ಅಷ್ಟು ಸಂತೋಷ ಆಗಿರಲಿಕ್ಕಿಲ್ಲ" ಎಂದ.

ಗುಹೆಯ ದನಿ ಕೋಣೆ ತುಂಬಿತು. ನಗು ನಿಂತಿತು. ಆಹಾ, ಬಂತು ನನ್ನ ಗಳಿಗೆ ಎಂದುಕೊಂಡು ತಾರೀಖಪ್ಪ ಮುಗುಳ್ನಗುತ್ತ ತಲೆ ಹೊರಗೆ ತೆಗೆದ. ಹೆಂಡತಿ ಕತ್ತರಿ ಹಿಡಿದು ನಿಂತಿದ್ದಳು.

"ಯಾರವಳು?"

"ಯಾರು ಯಾರು?"

"ಸೂಪು ಕುಡಿಸಿದ್ರಲ್ಲ, ಚಮಚದಲ್ಲಿ, ಅವಳು! ನಂಗಂತೂ ಕುಡಿಸಿಲ್ಲ. ನಂಗೆ ಜ್ವರ ಬಂದಾಗ ಪುರವಣಿ ಕೆಲಸ ಇದೆ ಅಂತ ಚಪ್ಪಲಿ ಮೆಟ್ಟಿ ಹೋದೋರು ನೀವು. ಕ್ಷಮಿಸು ಅಂದ್ರಂತೆ, ನನ್ ಹತ್ರ ಅಂದಿಲ್ಲ. ಪಾದ ಮಡಿಲಲ್ಲಿ ಇಟ್ಕೊಂಡ್ರಂತೆ! ಯಾರ ಪಾದ? ಹೇಳಿ, ಯಾರ ಪಾದ ಅದು?"

"ಯಾರದ್ದೂ ಅಲ್ಲ ಮಾರಾಯ್ತಿ! ಎಲ್ಲ ಕಟ್ಟುಕಥೆ! ನಾನೇ ಹುಟ್ಟಿಸಿದ್ದು!"

"ನೀವು? ಹುಟ್ಟಿಸೋದು? ಎರಡು ಆಧಾರ ಇಲ್ದೆ ಒಂದು ಸಾಲು ಬರೆಯಲ್ಲ ಅಂತ ದಿನಾ ಬೆಳಿಗ್ಗೆ ನನ್ನ ಕಿವಿ ತಿಂದಿದ್ದೀರಿ. ತಾರೀಖು ಸಮೇತ ಹೇಳಿದ್ದೀರಿ, ಅಕ್ಟೋಬರ್ ನಾಲ್ಕು, ನವೆಂಬರ್ ಒಂಬತ್ತು! ಎಷ್ಟು ವರ್ಷದಿಂದ ನಡೀತಿದೆ ಇದು?"

ನೋಡಿ, ವಿಪರ್ಯಾಸವೆಂದರೆ ಇದು. ಒಂದು ಸಂಗತಿ ನಡೆಯಿತು ಎಂದು ಸಾಧಿಸಲು ಆಧಾರ ಹುಡುಕಬಹುದು. ನಡೆಯಲೇ ಇಲ್ಲ ಎಂದು ಸಾಧಿಸಲು ಯಾವ ಗ್ರಂಥ ತೆರೆಯುವುದು? ತಾರೀಖಪ್ಪ ದೇವರಾಣೆ ಮಾಡಿದ. ಕಾಲು ಹಿಡಿಯಲು ಬಗ್ಗಿದ. "ಓಹೋ, ಪಾದ ಹಿಡಿದು ಚೆನ್ನಾಗಿ ಅಭ್ಯಾಸ ಇದೆ" ಎಂದಳು. ಮೈತುಂಬ ಚುಚ್ಚಿದ್ದ ಗುಂಡುಸೂಜಿಗಳಿಂದಾಗಿ ಪೂರ್ತಿ ಬಗ್ಗಲೂ ಆಗಲಿಲ್ಲ.

ಕೊನೆಗೆ ಆಕೆಯೇ ತೀರ್ಪಿನ ದಾರಿ ಹುಡುಕಿದಳು. "ಬನ್ನಿ ಅಡುಗೆಮನೆಗೆ. ಸೂಪು ಮಾಡಿ ತೋರಿಸಿ. ಮಾಡೋಕೆ ಬಂತೋ, ನಾಳೆನೇ ನಾನು ನಮ್ಮಕ್ಕನ ಮನೆಗೆ ಹೋಗ್ತೀನಿ."

ಗಂಡಸೊಬ್ಬ ಅಡುಗೆ ಬಾರದಿರಲಿ ಎಂದು ಪ್ರಾರ್ಥಿಸಿಕೊಂಡು ಅಡುಗೆಮನೆ ಹೊಕ್ಕದ್ದು ಅಂದೇ ಇರಬೇಕು. ಪ್ರಾರ್ಥನೆಯ ಅಗತ್ಯವೇ ಇರಲಿಲ್ಲ. ಅವನು ಸಕ್ಕರೆ ಡಬ್ಬಿ ತೆಗೆದು ಉಪ್ಪು ಎಂದ. ಮೂಲಂಗಿಯನ್ನು ಹಿಂದೆ ಮುಂದೆ ತಿರುಗಿಸಿ, ಎಲೆ ತಿನ್ನುವುದೋ ಬೇರು ತಿನ್ನುವುದೋ ಎಂದು ಕೇಳಿದ. ಒಲೆಯ ಮುಂದೆ ನಿಂತು, ಕಡ್ಡಿ ಗೀರಿ, ಕಡ್ಡಿಯನ್ನು ಊದಿ ಆರಿಸಿ, ಆಮೇಲೆ ಅನಿಲ ತಿರುಗಿಸಿದ. ಹೆಂಡತಿ ಓಡಿಬಂದು ತಾನೇ ಬಂದ್ ಮಾಡಿದಳು.

"ಸಾಕು, ಬನ್ನಿ ಈಚೆ" ಎಂದಳು, ದನಿ ಇಳಿದಿತ್ತು. "ನಿಮ್ಮ ಕೈಲಿ ಇನ್ನೊಬ್ಬಳಿಗೆ ಸೂಪು ಕುಡಿಸೋದು ಆಗೋ ಮಾತೇ ಅಲ್ಲ."

ತಾರೀಖಪ್ಪನಿಗೆ ಜೀವ ಬಂದಂತಾಯಿತು. ಆದರೆ ತೀರ್ಪು ಇನ್ನೂ ಬಾಕಿ ಇತ್ತು.

"ಸುಳ್ಳು ಹೇಳಿದ್ದಕ್ಕೆ ದಂಡ ಕಟ್ಬೇಕು. ಅಕ್ಟೋಬರ್ ನಾಲ್ಕು ಬರ್ಲಿ, ಸೂಪು ಮಾಡಿ ಕುಡಿಸ್ಬೇಕು. ನವೆಂಬರ್ ಒಂಬತ್ತಕ್ಕೆ ಕ್ಷಮಿಸು ಅನ್ಬೇಕು, ತಪ್ಪು ಯಾರದೇ ಇರ್ಲಿ. ಡಿಸೆಂಬರ್ ಹದಿನಾಲ್ಕಕ್ಕೆ ಪಾದ. ಪ್ರತೀ ವರ್ಷ. ಆಗ ಅದು ನಿಜ ಆಗತ್ತೆ."

"ಮತ್ತೆ ಆ ಅಂಗಿ?" ಎಂದ ಆಸೆಯಿಂದ.

"ನಿಮಗಾಗಲ್ಲ. ರೇಡಿಯೊದೋರಿಗೇ ಕಳಿಸ್ತೀನಿ, ಜೇನುಗಂಟಲಿನವರಿಗೆ ಸರಿಹೋಗತ್ತೆ." ತಾನು ಬೈಗುಳವಾಗಿ ಇಟ್ಟ ಹೆಸರನ್ನು ಹೆಂಡತಿ ಅಷ್ಟು ಅಕ್ಕರೆಯಿಂದ ಕರೆದದ್ದು ಕೇಳಿ ತಾರೀಖಪ್ಪನಿಗೆ ಹಳೇ ಉರಿಯೂ ಮರಳಿತು.

ಆಮೇಲೆ ಬೀರುವಿನೊಳಗೆ ಅವನು ತಲೆ ಹಾಕಲಿಲ್ಲ. ತಿಂಗಳುಗಳು ಉರುಳಿದವು, ಹೆಂಡತಿ ಮರೆತಿರಬಹುದು ಎಂದುಕೊಂಡ. ಊರಿನವರ ಅಳತೆಯೆಲ್ಲ ಬಾಯಿಪಾಠವಿರುವ ಹೆಂಗಸು ಒಂದು ತಾರೀಖು ಮರೆಯುತ್ತಾಳೆಯೇ? ಅಕ್ಟೋಬರ್ ನಾಲ್ಕರ ಬೆಳಿಗ್ಗೆ ಆಕೆ ಮುಂದಿನ ಕೋಣೆಯಲ್ಲೇ ಚಾಪೆ ಹಾಸಿ, ಕುತ್ತಿಗೆವರೆಗೆ ಹೊದ್ದು ಮಲಗಿಬಿಟ್ಟಳು.

"ಜ್ವರ ಇದ್ಯಾ?"

"ಇದೆ ಅಂದ್ಕೊಳ್ಳಿ. ರೇಡಿಯೊ ಹಾಕಿ, ನೀವು ಒಳಗೆ ಹೋಗಿ."

ತಾರೀಖಪ್ಪ ಸೊಂಟಕ್ಕೆ ಟವೆಲು ಸುತ್ತಿ, ಕ್ಯಾರೆಟ್ಟು ಹೆಚ್ಚಿ, ಬೆರಳೂ ಚೂರು ಹೆಚ್ಚಿಕೊಂಡು, ಪಾತ್ರೆಗೆ ನೀರು ತರಕಾರಿ ಹಾಕಿ ಒಲೆ ಹತ್ತಿಸಿದ. (ಈ ಸಲ ಅನಿಲ ಮೊದಲೋ, ಕಡ್ಡಿ ಮೊದಲೋ ಎಂದು ಬಾಯಲ್ಲಿ ಜಪಿಸುತ್ತಲೇ.) ಅಷ್ಟರಲ್ಲಿ ಮುಂದಿನ ಕೋಣೆಯಿಂದ ಜೇನುಗಂಟಲು ಉಪಗ್ರಹದ ಕಥೆ ಮುಗಿಸಿ, ಕೇಳುಗರೊಬ್ಬರ ಮನೆಯ ಇತಿಹಾಸ ಎಂದ. ಮರುಕ್ಷಣ ಬಂದದ್ದು ಹೆಂಡತಿಯ ದನಿ.

"ನಮಸ್ಕಾರ. ಇವತ್ತು ಬೆಳಿಗ್ಗೆ ನನ್ನ ಗಂಡ ಮೊದಲನೇ ಸಲ ನನಗೋಸ್ಕರ ಸೂಪು ಮಾಡಿದ್ರು. ತಳ ಹಿಡೀತು."

ತಾರೀಖಪ್ಪ ಸೌಟು ಹಿಡಿದೇ ಓಡಿಬಂದ. "ಲೇ! ಇನ್ನೂ ಈಗ ಒಲೆ ಮೇಲೆ ಇಟ್ಟಿದ್ದೀನಿ! ನೀರು ಕುದ್ದಿಲ್ಲ!"

"ನಿನ್ನೆ ಮಧ್ಯಾಹ್ನ ಫೋನ್ ಮಾಡಿದ್ದೆ. ಹಿಂದಿನ ದಿನವೇ ಹೇಳ್ಬೇಕಲ್ಲ, ಮುದ್ರಿಸ್ಕೊಳ್ಳೋಕೆ."

"ಆಗದೇ ಇರೋದನ್ನ ಆಯ್ತು ಅಂತ ಹೇಳೋದಾ? ಏನು ಆಧಾರ?"

"ಇಷ್ಟು ವರ್ಷ ನಿಮ್ಮನ್ನ ನೋಡಿದ್ದೀನಲ್ಲ, ಅದೇ ಆಧಾರ. ಶ್ಶ್, ಕೇಳಿ."

ರೇಡಿಯೊದಲ್ಲಿ ಆಕೆ ಹೇಳುತ್ತಿದ್ದಳು, "ತಳ ಹಿಡಿದ್ರೂ ನಾನು ಎರಡು ಬಟ್ಟಲು ಕುಡಿದೆ. ಚೆನ್ನಾಗಿತ್ತು ಅಂತಲ್ಲ. ಮಾಡಿದ್ರಲ್ಲ, ಅದಕ್ಕೆ." ತಾರೀಖಪ್ಪ ಸೌಟು ಕೆಳಗಿಳಿಸಿದ. ಇಡೀ ಊರು ಕೇಳುವಂತೆ ತನ್ನ ಹೆಂಡತಿ ತನ್ನ ವಿಷಯ ಮಾತಾಡಿದ್ದಾಳೆ! ಮೆಲ್ಲಗೆ ಚಾಪೆಯ ಅಂಚಿನಲ್ಲಿ ಕುಳಿತ. ಆಕೆ ಸರಿದು ಜಾಗ ಕೊಟ್ಟಳು.

ಜೇನುಗಂಟಲು ನಕ್ಕು ಕೇಳಿದ, "ಅಮ್ಮಾ, ನಿಮ್ಮ ಮಾತು ಕೇಳಿ ನಮ್ಮ ಮಾದರಿ ಗಂಡ ನೆನಪಾದರು. ಅವರ ಫೋನು ಬಂದು ಎಷ್ಟೋ ತಿಂಗಳಾಯಿತು. ಕೇಳುಗರೆಲ್ಲ ವಿಚಾರಿಸುತ್ತಿದ್ದಾರೆ. ನಿಮಗೇನಾದರೂ ಅವರ ಸುದ್ದಿ ಗೊತ್ತೇ?"

"ಗೊತ್ತು" ಎಂದಿತು ಹೆಂಡತಿಯ ದನಿ. "ಅವರು ಹೋಗಿಬಿಟ್ರು."

"ಏನೇ ಇದು?" ಎಂದ ತಾರೀಖಪ್ಪ.

"ಇನ್ನೇನು ಹೇಳ್ಲಿ? ಬೀರು ಒಳಗಿದ್ದಾರೆ ಅಂತ ಹೇಳ್ಲಾ? ನಿಮ್ಮ ಕೆಲಸ ಹೋಗಲ್ವಾ?"

ಜೇನುಗಂಟಲು ಜೇನೆಲ್ಲ ಕರಗಿದ ದನಿಯಲ್ಲಿ ಹೇಳಿದ, "ಪ್ರಿಯ ಶ್ರೋತೃಗಳೇ, ಅಕ್ಟೋಬರ್ ನಾಲ್ಕು. ಮಹಾನ್ ಚಿತ್ರಕಾರ ರೆಂಬ್ರಾಂಟ್ ತೀರಿಕೊಂಡದ್ದು ಈ ದಿನ. ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ತೀರಿಕೊಂಡದ್ದು ಈ ದಿನ. ಇಂದಿನಿಂದ ಈ ತಾರೀಖಿನಲ್ಲಿ ನಮ್ಮ ಮಾದರಿ ಗಂಡನನ್ನೂ ನೆನೆಯೋಣ. ಅವರಿಗಾಗಿ ಅರ್ಧ ನಿಮಿಷ ಮೌನ."

ಮೌನ ಶುರುವಾಯಿತು. ಮೇಲಿನ ಮನೆಯ ರೇಡಿಯೊವೂ ಸುಮ್ಮನಾಯಿತು, ಪಕ್ಕದ ಮನೆಯದೂ ಸುಮ್ಮನಾಯಿತು. ರೆಂಬ್ರಾಂಟ್, ಪ್ಲಾಂಕ್, ತಾನು! ಇಷ್ಟು ವರ್ಷ ಸತ್ತವರ ಪಟ್ಟಿ ಬರೆದವನಿಗೆ ಆ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು, ಹೆಸರು ಮಾತ್ರ ತನ್ನದಲ್ಲ. ತಾರೀಖಪ್ಪ ಹೆಂಡತಿಯ ಕಡೆ ತಿರುಗಿದ. ಆಕೆ ಹೊದಿಕೆಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಳ್ತಿದ್ದೀಯಾ?"

"ಎಂಥಾ ಮನುಷ್ಯ, ಪಾಪ."

"ಅದು ನಾನೇ ಅಲ್ವೇನೇ!"

"ಗೊತ್ತು" ಎಂದು ಮೂಗೆಳೆದುಕೊಂಡಳು. "ಆದ್ರೂ ಅವರಾಗಿದ್ದಿದ್ರೆ ಇಷ್ಟು ಹೊತ್ತಿಗೆ ಹೋಗಿ ಒಲೆ ಆರಿಸಿರ್ತಿದ್ರು."

ತಾರೀಖಪ್ಪ ಅಡುಗೆಮನೆಗೆ ಓಡಿದ. ಸೂಪು ರೇಡಿಯೊದಲ್ಲಿ ಹೇಳಿದಂತೆಯೇ ತಳ ಹಿಡಿದಿತ್ತು.